ಲಂಗರಿಗೆ ಇಳಿದ ಹದಿನೈದು ನಿಮಿಷ

ಅಸ್ಸುಂತಾ ಪಿರಾಸ್‌ಗೆ ಈಜು ಬರುತ್ತದೆ, ಆದರೆ ಅವಳು ನೀರಿಗೆ ಇಳಿಯುವುದಿಲ್ಲ. ಐವತ್ತಮೂರು ವರ್ಷದ ಅವಳ ಕೆಲಸವೆಲ್ಲ ನೀರಿನ ಮೇಲಿನದು. ಅಲ್ಗೇರೊ ಬಂದರಿನಿಂದ ಹವಳಕ್ಕೆ ಹೊರಡುವ ಒಂಬತ್ತು ಮೀಟರಿನ ದೋಣಿಯನ್ನು ನಡೆಸುವುದು, ಕೆಳಗಿಳಿದ ತಮ್ಮ ಕ್ವೀರಿಕೊನನ್ನು ಹೊತ್ತು ನೋಡಿ ಮೇಲಕ್ಕೆ ತರುವುದು. ಅದಕ್ಕೂ ಮೊದಲು ಹದಿನಾಲ್ಕು ವರ್ಷ ಅವಳು ಹಳೇ ಊರಿನ ಕಾರ್ಖಾನೆಯೊಂದರಲ್ಲಿ ಹವಳದ ಮಣಿಗಳಿಗೆ ತೂತು ಕೊರೆಯುತ್ತಿದ್ದಳು. ಸೂಜಿಯಂಥ ಬೈರಿಗೆ, ಮೇಲಿಂದ ಹನಿಯುವ ನೀರು. ಮಳೆಗಾಲ ಚಳಿಗಾಲವೆನ್ನದೆ ಒದ್ದೆಯಾಗಿರುತ್ತಿದ್ದ ಬೆರಳ ಗೆಣ್ಣುಗಳು ಕೊನೆಗೆ ಮಡಚಲಾರದಂತಾದವು. ಅದೇ ವರ್ಷ ಕ್ವೀರಿಕೊನ ದೋಣಿಯಾಳು ಕೆಲಸ ಬಿಟ್ಟು ಹೋದ. "ಒಂದು ತಿಂಗಳ ಮಟ್ಟಿಗೆ ಬಾ" ಎಂದು ತಮ್ಮ ಕರೆದ. ಆ ತಿಂಗಳು ಮುಗಿಯದೆ ಹನ್ನೊಂದು ವರ್ಷವಾಗಿತ್ತು.

ಮೇಲೆ ಬರುವಾಗ ಎಲ್ಲೆಲ್ಲಿ ಎಷ್ಟು ಹೊತ್ತು ನಿಲ್ಲಬೇಕೆಂದು ಹೇಳುವ ನಿಲುಗಡೆಯ ಕೋಷ್ಟಕಗಳನ್ನು ಅವಳಿಗೆ ಕಲಿಸಿದವನು ಅಪ್ಪ ಜೊಮ್ಮರಿಯಾ. ಅವನೂ ಹವಳದವನೇ. ನಲವತ್ತನೇ ವಯಸ್ಸಿನಿಂದ ಬಲಗಾಲು ಎಳೆದುಕೊಂಡು ನಡೆಯುತ್ತಿದ್ದ. ಅದು ಯಾವ ಸಲ ಮೇಲೆ ಬಂದಾಗ ಆದದ್ದು ಎಂದು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಊಟದ ಮೇಜಿನ ಮೇಲೆ ಕೋಷ್ಟಕ ಹರವಿ, ರೊಟ್ಟಿ ಮುರಿಯುತ್ತ ಮಗಳನ್ನು ಕೇಳುತ್ತಿದ್ದ: ಎಂಬತ್ತು ಮೀಟರಿನಲ್ಲಿ ಇಪ್ಪತ್ತು ನಿಮಿಷ, ಮೇಲೆ ಬರೋಕೆ ಎಷ್ಟು ಹೊತ್ತು? ಅವಳು ಹೇಳುತ್ತಿದ್ದಳು. ಕ್ವೀರಿಕೊ ಅಷ್ಟರಲ್ಲಿ ಕಿಟಕಿ ಹಾರಿ ಓಡಿಹೋಗಿರುತ್ತಿದ್ದ.

ಆಳದಲ್ಲಿ ಉಸಿರಾಡಿದ ಅನಿಲ ಒತ್ತಡಕ್ಕೆ ಮೈಯೊಳಗೆ ಕರಗಿ ಕೂರುತ್ತದೆ. ಅದನ್ನು ಮೆಲ್ಲಗೆ, ಮೆಟ್ಟಿಲು ಮೆಟ್ಟಿಲಾಗಿ ನಿಂತು ಹೊರಗೆ ಬಿಡಬೇಕು. ಅವಸರಪಟ್ಟು ಮೇಲೆ ಬಂದರೆ ಅದು ಬೆನ್ನುಹುರಿಯಲ್ಲೋ ಕೀಲಿನಲ್ಲೋ ಗುಳ್ಳೆಯಾಗಿ ಏಳುತ್ತದೆ. ಆ ಬಂದರಿನ ಯಾವ ಹೋಟೆಲಿನಲ್ಲಿ ಕೂತರೂ ಕುಂಟುತ್ತ ಕಾಫಿ ಕುಡಿಯಲು ಬರುವವನೊಬ್ಬ ಇದ್ದೇ ಇರುತ್ತಾನೆ. ಅವನನ್ನು ಯಾರೂ ಏನೂ ಕೇಳುವುದಿಲ್ಲ.

ಸೆಪ್ಟೆಂಬರಿನ ಆ ದಿನ ದೋಣಿಯಲ್ಲಿ ಮೂವರಿದ್ದರು. ಅಸ್ಸುಂತಾ, ನಲವತ್ತೊಂಬತ್ತರ ಕ್ವೀರಿಕೊ ಮತ್ತು ಅವನ ಜೊತೆಗಾರ, ಮೂವತ್ತನಾಲ್ಕರ ನೇವಿಯೊ. ಇಬ್ಬರು ಗಂಡಸರೂ ಸರದಿಯ ಮೇಲೆ ದಿನಕ್ಕೊಂದೇ ಸಲ ಇಳಿಯುವುದು. ಏಳು ಗಂಟೆಗೆ ನೇವಿಯೊ ಎಂಬತ್ತೆರಡು ಮೀಟರಿಗೆ ಹೋಗಿ, ಒಂದೂವರೆ ಕಿಲೋ ಹವಳದೊಂದಿಗೆ ಒಂಬತ್ತೂವರೆಗೆ ಮೇಲೆ ಬಂದ. ಅವನು ಕೆಳಗಿದ್ದಾಗಲೇ ಲಂಗರು ಬಂಡೆಯ ಸಂದಿಗೆ ಸಿಕ್ಕಿಕೊಂಡಿತು. ಕ್ವೀರಿಕೊ ಒಂದು ಬಾಟಲಿ ಗಾಳಿ ಬೆನ್ನಿಗೇರಿಸಿ, "ಐದು ನಿಮಿಷ" ಎಂದವನೇ ಧುಮುಕಿ, ನಲವತ್ತೆರಡು ಮೀಟರಿಗಿಳಿದು ಲಂಗರು ಬಿಡಿಸಿ ಬಂದ. ಆಳ, ಹೊತ್ತು ಅಳೆದು ನಿಲುಗಡೆ ಹೇಳುವ, ಕೈಗಡಿಯಾರದಂಥ ಕಂಪ್ಯೂಟರು ಕಟ್ಟಿಕೊಂಡಿರಲಿಲ್ಲ. ಅಸ್ಸುಂತಾ ಹೊತ್ತು ನೋಡಲಿಲ್ಲ, ದಿನಚರಿಯಲ್ಲಿ ಬರೆಯಲೂ ಇಲ್ಲ. ಹವಳದವರಲ್ಲಿ ಅದೊಂದು ರೂಢಿ: ಹವಳಕ್ಕೆ ಇಳಿದದ್ದು ಮಾತ್ರ ಇಳಿದದ್ದು. ಲಂಗರಿಗೆ, ಬಲೆಗೆ, ಕಳಚಿಬಿದ್ದ ಹಗ್ಗಕ್ಕೆ ಇಳಿದದ್ದು ಲೆಕ್ಕವಲ್ಲ. ಅಪ್ಪನ ಕಾಲದಲ್ಲೂ ಹಾಗೆಯೇ ಇತ್ತು. ಇಷ್ಟಾಗಿಯೂ ಲಂಗರಿನ ಕೊಕ್ಕೆ ಬಾಗಿ ಕೆಲಸಕ್ಕೆ ಬಾರದಂತಾಗಿತ್ತು.

ಹನ್ನೆರಡೂ ಹತ್ತಕ್ಕೆ ಕ್ವೀರಿಕೊನ ಸರದಿ. ಎಡಗೈಗೆ ತನ್ನ ಕಂಪ್ಯೂಟರು. ಬಲಗೈಗೆ ಕಟ್ಟುವ ಎರಡನೆಯದಕ್ಕೆ ಹಿಂದಿನ ವಾರವೇ ನೀರು ಹೊಕ್ಕು ಕೆಟ್ಟಿತ್ತು.

"ನಿಂದು ಕೊಡೋ ನೇವಿಯೊ, ಒಂದು ಕೆಟ್ರೆ ಇನ್ನೊಂದು ಇರ್ಲಿ" ಎಂದ.

"ತಗೋ. ಗೀರು ಬಿದ್ರೆ ನಿನ್ ಕಣ್ಣು ಕಿತ್ತಾಕ್ತೀನಿ."

"ನಿನ್ ಮುಖಕ್ಕಿಂತ ಜಾಸ್ತಿ ಗೀರು ಬೀಳಲ್ಲ ಬಿಡು."

ಎಂಬತ್ತನಾಲ್ಕು ಮೀಟರಿನಲ್ಲಿ ಇಪ್ಪತ್ತು ನಿಮಿಷ ಕೆಲಸ. ಹವಳದ ಬುಟ್ಟಿ ಗಾಳಿಚೀಲಕ್ಕೆ ಕಟ್ಟಿಕೊಂಡು ತಾನಾಗಿ ಮೇಲೆ ಬಂತು. ಅವನು ಎಡಗೈ ಹೇಳಿದಂತೆ ನಿಲುಗಡೆ ನಿಲುಗಡೆಯಾಗಿ ಏರುತ್ತ, ಒಂದೂ ಮೂವತ್ತೈದಕ್ಕೆ ಕೊನೆಯ ನಿಲುಗಡೆಗೆ, ಆರು ಮೀಟರಿಗೆ ತಲುಪಿದ. ಅಲ್ಲಿ ದೋಣಿಯ ಮೂತಿಯಿಂದ ಇಳಿಬಿಟ್ಟ ಕಬ್ಬಿಣದ ಅಡ್ಡಪಟ್ಟಿ ಇತ್ತು. ಮೇಲಿನ ದೊಡ್ಡ ಸಿಲಿಂಡರಿನಿಂದ ಆಕ್ಸಿಜನ್ ಕೊಡುವ ಉದ್ದದ ಕೊಳವೆಯೂ ಇತ್ತು. ಪಟ್ಟಿ ಹಿಡಿದು, ಕೊಳವೆ ಕಚ್ಚಿಕೊಂಡು, ದೋಣಿ ಹೋದತ್ತ ತೇಲುತ್ತ ಕಾಯುವುದಷ್ಟೇ ಉಳಿದ ಕೆಲಸ.

ಆಗಲೇ ವಾಯವ್ಯದ ಗಾಳಿ ಎದ್ದದ್ದು. ಸಂಜೆಗೆ ಬರಬೇಕಾದದ್ದು ಮಧ್ಯಾಹ್ನಕ್ಕೇ ಬಂತು.

"ತೀಯಾ ಅಸ್ಸುಂತಾ, ಗಾಳಿ ಬಂತು ನೋಡಿ" ಎಂದ ನೇವಿಯೊ. ಓಣಿಯ ಹಿರಿಯ ಹೆಂಗಸರನ್ನೆಲ್ಲ ಅವನು ತೀಯಾ, ಅತ್ತೆ, ಎಂದೇ ಕರೆಯುವುದು.

"ಕಂಡೆ. ಅದನ್ನೇನು ಕೂರಿಸಿ ಕಾಫಿ ಕೊಡ್ತೀಯಾ? ಹಗ್ಗ ಸುತ್ತು."

ಅವಳು ಪರದೆ ನೋಡಿದಳು. ಬೆನ್ನ ಹಿಂದೆ ಕಾಪೊ ಕಾಚ್ಚಾ ಭೂಶಿರದ ಬಿಳಿ ಕಡಿಬಂಡೆ, ಜಿಪಿಎಸ್ ಲೆಕ್ಕದಲ್ಲಿ ಸಾವಿರದ ನೂರು ಮೀಟರು ದೂರ. ಗಾಳಿ ದೋಣಿಯನ್ನು ನೇರ ಅದರ ಮೇಲಕ್ಕೇ ನೂಕುತ್ತಿತ್ತು, ಗಂಟೆಗೆ ಒಂದು ಕಿಲೋಮೀಟರಿನಂತೆ. ಕೆಳಗೆ ಆರು ಮೀಟರಿನ ಕೊಳವೆಯ ತುದಿಯಲ್ಲಿ ಮನುಷ್ಯನೊಬ್ಬ ತೂಗುತ್ತಿರುವಾಗ ಎಂಜಿನ್ ಹಾಕಿ ಓಡುವಂತಿಲ್ಲ.

ಕೆಳಗಿನವನೊಡನೆ ಬರೆದು ಮಾತಾಡಲೆಂದು ಕೊಳವೆಯಗುಂಟ ಕೊಂಡಿಗೆ ನೇತುಹಾಕಿದ ಸ್ಲೇಟು ಮೇಲೆ ಬಂತು. ಕ್ವೀರಿಕೊನ ಅಕ್ಷರ: *ಎಡ 41. ಬಲ 72. ಏನಿದು?*

ಎರಡು ಕಂಪ್ಯೂಟರು ಎಂದೂ ಒಂದೇ ಮಾತು ಆಡುವುದಿಲ್ಲ ಎಂಬುದು ದೋಣಿಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ಕ್ವೀರಿಕೊನದು ಒಂದು ಕಂಪನಿಯದು, ನೇವಿಯೊನದು ಇನ್ನೊಂದರದು. ಒಂದರ ಲೆಕ್ಕ ಕೆಳಗೆ, ಆಳದಲ್ಲೇ ಹೆಚ್ಚು ನಿಲ್ಲಿಸುತ್ತದೆ. ಇನ್ನೊಂದು ಬೇಗ ಮೇಲಕ್ಕೆ ಕಳಿಸಿ ಅಲ್ಲಿ ಹೆಚ್ಚು ಹೊತ್ತು ಕಾಯಿಸುತ್ತದೆ. ಅವನ್ನು ತಯಾರಿಸಿದವರ ಧೈರ್ಯ, ಭಯಗಳ ಪ್ರಮಾಣವೂ ಬೇರೆ. ಎರಡಕ್ಕೂ ಕೈಯ ಒಳಗೇನಿದೆ ಎಂದು ಕಾಣುವುದಿಲ್ಲ. ಆಳ ಎಷ್ಟು, ಹೊತ್ತು ಎಷ್ಟು ಎಂಬುದನ್ನಷ್ಟೇ ಅಳೆದು, ಒಳಗೆ ಇಷ್ಟು ಅನಿಲ ಇರಬೇಕು ಎಂದು ಊಹಿಸುತ್ತವೆ. ರೋಗಿಯ ನಾಡಿ ಮುಟ್ಟದೆ, ನಡೆದುಬಂದ ದಾರಿ ಕೇಳಿ ಪಥ್ಯ ಹೇಳುವ ಇಬ್ಬರು ವೈದ್ಯರಿದ್ದ ಹಾಗೆ. ಹಾಗಾಗಿ ಏಳೆಂಟು ನಿಮಿಷದ ವ್ಯತ್ಯಾಸ ಇದ್ದದ್ದೇ. ಉದ್ದದ್ದನ್ನು ಪಾಲಿಸು ಎಂಬುದು ಅಸ್ಸುಂತಾಳ ನಿಯಮ. ಆದರೆ ಮೂವತ್ತೊಂದು ನಿಮಿಷದ ವ್ಯತ್ಯಾಸ ಅವಳು ಕಂಡಿರಲಿಲ್ಲ.

ಎಪ್ಪತ್ತೆರಡು ನಿಮಿಷ ಕಾದರೆ ದೋಣಿ ಬಂಡೆಗೆ ಬಡಿಯುತ್ತದೆ. ನಲವತ್ತೊಂದಾದರೆ ಇನ್ನೂ ನಾನೂರು ಮೀಟರು ಉಳಿದಿರುತ್ತದೆ.

ನೇವಿಯೊ ಸ್ಲೇಟು ನೋಡಿ ಹಣೆ ಚಚ್ಚಿಕೊಂಡ. "ಅಯ್ಯೋ, ಬಲದ್ದು ನಂದು! ಬೆಳಿಗ್ಗೆ ನನ್ ಜೊತೆ ಎಂಬತ್ತೆರಡಕ್ಕೆ ಹೋಗಿ ಬಂದಿದೆ. ಅದನ್ನ ನೆನಪಲ್ಲಿ ಇಟ್ಕೊಂಡು ಕೂತಿದೆ. ಈಗ ಕಟ್ಕೊಂಡಿರೋದು ಬೇರೆ ಕೈ ಅಂತ ಅದಕ್ಕೇನ್ ಗೊತ್ತು? ಒಬ್ನೇ ಮನುಷ್ಯ ಎರಡು ಸಲ ಇಳಿದಿದಾನೆ ಅಂದ್ಕೊಂಡಿದೆ."

"ನೀನು ತಿಂದಿದ್ದಕ್ಕೆ ಅವನು ಉಪವಾಸ ಮಾಡ್ಬೇಕು."

"ಹಾಗೇನೇ. ಅದನ್ನ ಬಿಟ್ಹಾಕಿ, ತೀಯಾ. ಎಡಗೈದೇ ಸರಿ. ನಲವತ್ತೊಂದು."

ಅದು ಸರಿಯಾಗಿಯೇ ಕಂಡಿತು. ಅವಳು ಬಂದರಿಗೆ ರೇಡಿಯೊ ಮಾಡಿದಳು. ನೆರವಿನ ದೋಣಿ ಹೊರಟು ಬರಲು ಐವತ್ತು ನಿಮಿಷ ಎಂದರು. ಬನ್ನಿ ಎಂದಳು. ಸ್ಲೇಟಿನಲ್ಲಿ ಬರೆದಳು: *ಬಲದ್ದು ನೇವಿಯೊನ ಬೆಳಗನ್ನೂ ಸೇರಿಸಿ ಹೇಳ್ತಿದೆ.* ಉತ್ತರ ಬೇಗ ಬಂತು: *ಅವನ ಪಾಪ ನಾನ್ಯಾಕೆ ತೊಳೀಲಿ? 41ಕ್ಕೆ ಬರ್ತೀನಿ. ಊಟ ಏನು?*

ನೇವಿಯೊ ನಕ್ಕ. ಅವಳೂ ನಗುವವಳೇ. ಅಷ್ಟರಲ್ಲಿ ಅಲೆಯೊಂದು ಪಕ್ಕಕ್ಕೆ ಬಡಿದು ದೋಣಿ ವಾಲಿತು. ಕಟ್ಟದೆ ಬಿಟ್ಟಿದ್ದ ಬಾಟಲಿಯೊಂದು ಉರುಳಿ ಬಂದು ಅವಳ ಮೊಣಕಾಲಿಗೆ ಬಡಿಯಿತು. ಬೈದುಕೊಂಡೇ ಅದನ್ನು ಹಿಡಿದು ಕಂಬಕ್ಕೆ ಕಟ್ಟುವಾಗ ಅದರ ಒತ್ತಡಮಾಪಕದ ಮುಳ್ಳು ಕಣ್ಣಿಗೆ ಬಿತ್ತು. ಎಂಬತ್ತು.

ಅದು ಲಂಗರಿಗೆ ಹೋದ ಬಾಟಲಿ. ಬೆಳಿಗ್ಗೆ ಅವಳೇ ತುಂಬಿಸಿದ್ದು, ಇನ್ನೂರ ಹತ್ತಕ್ಕೆ.

ಅವಳು ಹಗ್ಗದ ಗಂಟು ಬಿಗಿದಳು. ಆಮೇಲೆ ಮನಸ್ಸಿನಲ್ಲೇ ಲೆಕ್ಕ ಓಡಿತು. ಹನ್ನೆರಡು ಲೀಟರಿನ ಬಾಟಲಿ, ನೂರ ಮೂವತ್ತು ಖರ್ಚು: ಸಾವಿರದೈನೂರ ಅರವತ್ತು ಲೀಟರು ಗಾಳಿ. ನಲವತ್ತೆರಡು ಮೀಟರಿನಲ್ಲಿ, ಕೆಲಸ ಮಾಡುವ ಗಂಡಸು, ನಿಮಿಷಕ್ಕೆ ನೂರಕ್ಕೂ ಸ್ವಲ್ಪ ಮೇಲೆ ಎಳೆಯುತ್ತಾನೆ.

"ನೇವಿಯೊ, ಬೆಳಿಗ್ಗೆ ಇವನು ಐದು ನಿಮಿಷ ಅಂದಿದ್ನಲ್ಲ."

"ಯಾವಾಗ?"

"ಲಂಗರಿಗೆ."

"ಓ, ಅದಾ. ನಾನು ಕೆಳಗಿದ್ದೆ. ಅದೇನ್ ಡೈವಾ ತೀಯಾ, ಲಂಗರು ಬಿಡಿಸೋದು?"

"ಹದಿನೈದು ನಿಮಿಷ ಇದ್ದ. ಗಾಳಿ ಬಾಟ್ಲಿ ಹೇಳ್ತಿದೆ."

ನೇವಿಯೊನ ಮುಖ ನಿಧಾನವಾಗಿ ಬದಲಾಯಿತು. ಬಲಗೈಯ ಕಂಪ್ಯೂಟರಿಗೆ ಬೇರೆಯವನ ಬೆಳಗು ಗೊತ್ತಿತ್ತು. ಎಡಗೈಯದಕ್ಕೆ ಸ್ವಂತದವನ ಬೆಳಗೇ ಗೊತ್ತಿರಲಿಲ್ಲ. ಆ ಹದಿನೈದು ನಿಮಿಷ ಅದು ಚುಕ್ಕಾಣಿಯ ಪಕ್ಕದ ಡಬ್ಬಿಯಲ್ಲಿ ಕೂತಿತ್ತು. ಎರಡೂ ತಮಗೆ ಕಂಡದ್ದನ್ನು ಸರಿಯಾಗಿಯೇ ಲೆಕ್ಕ ಹಾಕಿದ್ದವು. ಎರಡರ ಉತ್ತರವೂ ಕ್ವೀರಿಕೊನದಾಗಿರಲಿಲ್ಲ.

ಅವಳು ಪ್ಲಾಸ್ಟಿಕ್ ಹೊದಿಸಿದ ಕೋಷ್ಟಕಗಳನ್ನು ಮಂಡಿಯ ಮೇಲೆ ಹರವಿಕೊಂಡಳು. ನಲವತ್ತೆರಡರಲ್ಲಿ ಹದಿನೈದು, ನಡುವೆ ನಾಲ್ಕು ಗಂಟೆ ಬಿಡುವು. ಮೈಯಲ್ಲಿ ಇನ್ನೂ ಉಳಿದ ಬೆಳಗಿನ ಅನಿಲ ಸೇರಿಸಿದರೆ ಅಪ್ಪನ ಲೆಕ್ಕದಲ್ಲಿ ಅವನು ಎಂಬತ್ತನಾಲ್ಕರಲ್ಲಿ ಇಪ್ಪತ್ತಲ್ಲ, ಇಪ್ಪತ್ತನಾಲ್ಕು ನಿಮಿಷ ಇದ್ದವನ ಹಾಗೆ. ಇಪ್ಪತ್ತನಾಲ್ಕರ ಹಾಳೆ ಇರಲಿಲ್ಲ. ಇಪ್ಪತ್ತೈದರದ್ದಿತ್ತು. ಕೊನೆಯ ನಿಲುಗಡೆ ಐವತ್ತಾರು. ಕೆಳಗಿನ ನಿಲುಗಡೆಗಳಲ್ಲೂ ಅವನು ಕಡಿಮೆಯೇ ನಿಂತು ಬಂದಿದ್ದಾನೆ. ಅದಕ್ಕೊಂದು ನಾಲ್ಕು. ಅರವತ್ತು.

"ಅರವತ್ತಕ್ಕೆ ಬಂಡೆಗೆ ನೂರು ಮೀಟ್ರೂ ಉಳಿಯಲ್ಲ" ಎಂದ ನೇವಿಯೊ. "ಗಾಳಿ ಹೀಗೇ ಇದ್ರೆ. ಜಾಸ್ತಿ ಆದ್ರೆ?"

"ಜಾಸ್ತಿ ಆಗತ್ತೆ. ಹಿಮ್ಮುಖ ಗೇರ್ ಹಾಕಿ ತಡೀತೀನಿ. ಪಟ್ಟಿ ಮೂತಿ ಕಡೆ ಇದೆ, ಪಂಖ ಹಿಂದಿದೆ. ಕೊಳವೆ ಹಿಂದಕ್ಕೆ ಬರದ ಹಾಗೆ ನೀನು ಹಿಡ್ಕೋಬೇಕು. ಒಂದು ಗೇಣು ಸಡಿಲ ಬಿಟ್ರೂ ತಮ್ಮ ಇರಲ್ಲ."

"ನಾನು ಬೇಕಾದ್ರೆ ಕೆಳಗೆ..."

"ನಿನ್ ಮೈಯಲ್ಲೂ ಬೆಳಗಿನದ್ದು ಇನ್ನೂ ಇದೆ. ಸುಮ್ನೆ ಕೊಳವೆ ಹಿಡಿ."

ಸ್ಲೇಟು ಇಳಿಯಿತು: *60.*

*ಯಾರ ಲೆಕ್ಕ?*

*ನಂದು. ಲಂಗರಿಗೆ ನೀನು 15 ನಿಮಿಷ ಇದ್ದೆ. ಬಾಟ್ಲಿ ನೋಡ್ದೆ.*

ಸ್ಲೇಟು ಕೆಳಗೆ ಹೋಯಿತು. ಆಮೇಲೆ: *ಲಂಗರು ಡೈವ್ ಅಲ್ಲ.*

*ನಿನ್ನ ರಕ್ತಕ್ಕೆ ಹೇಳು ಅದನ್ನ.*

*ಬಂಡೆ ಎಷ್ಟು ದೂರ?*

ಅವಳು ಪರದೆ ನೋಡಿದಳು. ಏಳುನೂರ ನಲವತ್ತು. ದೋಣಿಗೆ ಅಪಾಯ ಎಂದು ತಿಳಿದರೆ ಅವನು ನಲವತ್ತೊಂದಕ್ಕೂ ಕಾಯುವುದಿಲ್ಲ. ಅಷ್ಟು ಅವಳಿಗೆ ಗೊತ್ತಿತ್ತು. ಬರೆದಳು: *ದೂರ ಇದೆ.*

ಹಿಮ್ಮುಖ ಗೇರಿನಲ್ಲಿ ದೋಣಿ ಬೆನ್ನು ಕೊಟ್ಟು ಅಲೆಗೆ ಎದುರಾಯಿತು. ಪ್ರತಿ ಮೂರನೆಯ ಅಲೆ ಹಿಂಬದಿಯ ಅಂಚು ದಾಟಿ ಒಳಗೆ ಬೀಳುತ್ತಿತ್ತು. ನೀರು ಅವಳ ಮೊಣಕಾಲಿನವರೆಗೆ ಬಂದು, ಕಿಂಡಿಗಳಿಂದ ಹೊರಹೋಗುತ್ತಿತ್ತು. ಹೆಚ್ಚು ವೇಗ ಕೊಟ್ಟರೆ ಕೆಳಗೆ ಪಟ್ಟಿ ಓರೆಯಾಗಿ ಕ್ವೀರಿಕೊ ಮೇಲಕ್ಕೆ ಎಳೆಯಲ್ಪಡುತ್ತಾನೆ. ಕಡಿಮೆ ಕೊಟ್ಟರೆ ಬಂಡೆ ಹತ್ತಿರವಾಗುತ್ತದೆ. ಎರಡರ ನಡುವೆ ಬೆರಳಗಲದಷ್ಟು ಜಾಗದಲ್ಲಿ ಅವಳ ಕೈ ಹಿಡಿಕೆಯ ಮೇಲಿತ್ತು. ಗೆಣ್ಣುಗಳು ಬಿಳಿಚಿದ್ದವು. ನೇವಿಯೊ ಮೂತಿಯಲ್ಲಿ ಬೋರಲು ಮಲಗಿ, ಕೊಳವೆಯನ್ನು ಎರಡು ಕೈಯಲ್ಲೂ ಹಿಡಿದು, ಕರುವಿನ ಹಗ್ಗ ಹಿಡಿದವನ ಹಾಗೆ ಬಿಡುತ್ತ ಎಳೆಯುತ್ತ ಇದ್ದ.

ನಲವತ್ತೊಂದನೆಯ ನಿಮಿಷಕ್ಕೆ ಅವನು ಕೂಗಿದ: "ಮೂರು ಸಲ ಜಗ್ಗಿದ ತೀಯಾ! ಬರ್ತಾನಂತೆ!"

ಪರದೆಯಲ್ಲಿ ಐನೂರ ಇಪ್ಪತ್ತು. ಈಗ ಹತ್ತಿಸಿಕೊಂಡರೆ ಮೂವರೂ ಆರಾಮಾಗಿ ಮನೆ ಸೇರಬಹುದು. ಅವಳಿಗೆ ಅದು ಹೊಳೆಯಲಿಲ್ಲವೆಂದಲ್ಲ. ಒಂದೇ ಕೈಯಲ್ಲಿ ಸ್ಲೇಟಿನ ಮೇಲೆ ಗೀಚಿ, ನೇವಿಯೊನತ್ತ ಎಸೆದಳು: *ತಲೆ ಹೊರಗೆ ಹಾಕಿದ್ರೆ ಕಾಲಲ್ಲಿ ಒದ್ದು ಒಳಗೆ ಕಳಿಸ್ತೀನಿ.*

ನೇವಿಯೊ ಕೊಂಡಿ ಹಾಕಿ ಜಾರಿಸಿದ. ಕೊಳವೆ ಸಡಿಲವಾಯಿತು. ಮನುಷ್ಯ ಮೇಲಕ್ಕೆ ಬರುತ್ತಿದ್ದಾನೆ ಎಂದರ್ಥ. ಒಂದು ಮೀಟರು. ಒಂದೂವರೆ. ಅವರಿಬ್ಬರೂ ನೀರು ನೋಡುತ್ತ ಕಾದರು. ಆಮೇಲೆ ಕೊಳವೆ ಮತ್ತೆ ಬಿಗಿಯಾಗಿ ಕೆಳಕ್ಕೆ ಎಳೆಯಿತು.

"ಓದಿದ" ಎಂದ ನೇವಿಯೊ.

"ಒದೀತೀನಿ ಅಂತ ಅವನಿಗೆ ಗೊತ್ತು."

ಐವತ್ತೆರಡಕ್ಕೆ ಸ್ಲೇಟು ಬಂತು. ಅಕ್ಷರಗಳು ದೊಡ್ಡವಾಗಿ, ಓರೆಯಾಗಿ ಇದ್ದವು: *ತಳ ಕಾಣ್ತಿದೆ. ಬಂಡೆ. ಸುಳ್ಳಿ.*

ಇನ್ನೂರ ಅರವತ್ತು ಮೀಟರು. ಕಡಿಬಂಡೆಗೆ ಬಡಿದು ಮರಳುವ ಅಲೆ ಈಗ ದೋಣಿಗೆ ತಾಗತೊಡಗಿತ್ತು. ಮುಂದಿನಿಂದಲೂ ಹಿಂದಿನಿಂದಲೂ ನೀರು ಎತ್ತಿ ಕುಕ್ಕುತ್ತಿತ್ತು. ಬಂಡೆಯ ಗೂಡುಗಳಲ್ಲಿ ಕೂತ ಹಕ್ಕಿಗಳು ಒಂದೊಂದಾಗಿ ಕಾಣುತ್ತಿದ್ದವು. ನೆರವಿನ ದೋಣಿ ಭೂಶಿರದ ಆಚೆ ಬಿಳಿ ಚುಕ್ಕೆಯಾಗಿತ್ತು.

"ಏನ್ ಬರೀಲಿ ತೀಯಾ?"

"ಎಂಟು ನಿಮಿಷ ಅಂತ ಬರಿ. ಬೇರೇನೂ ಬೇಡ."

ನೇವಿಯೊ ಬರೆದ. ಕೊಳವೆ ಬಿಗಿಯಾಗಿಯೇ ಇತ್ತು. ಅವಳು ಗಡಿಯಾರ ನೋಡುತ್ತಿದ್ದಳು. ಪರದೆ ನೋಡುವುದನ್ನು ಬಿಟ್ಟಿದ್ದಳು. ಬಂಡೆಯನ್ನು ನೋಡಲು ಪರದೆ ಬೇಕಿರಲಿಲ್ಲ.

"ಎಳಿ."

ಕ್ವೀರಿಕೊನ ತಲೆ ನೀರಿನಿಂದ ಹೊರಬಂದಾಗ ಬಂಡೆ ನೂರ ಹತ್ತು ಮೀಟರು ದೂರವಿತ್ತು. ಅವಳು ಗೇರ್ ಬಿಡಿಸಿ ಪಂಖ ನಿಲ್ಲಿಸಿದಳು. ನೇವಿಯೊ ಅವನ ಬೆನ್ನಪಟ್ಟಿ ಹಿಡಿದು ಒಂದೇ ಎಳೆತಕ್ಕೆ ಒಳಗೆ ಹಾಕಿಕೊಂಡ. ಬಾಟಲಿಗಳೊಂದಿಗೆ ಅವನು ಮೀನಿನ ಹಾಗೆ ನೆಲಕ್ಕೆ ಬಿದ್ದ. ಅಸ್ಸುಂತಾ ಮುಮ್ಮುಖ ಗೇರ್ ಹಾಕಿ, ಪೂರ್ತಿ ವೇಗ ಕೊಟ್ಟು, ಮರಳುವ ಅಲೆಯೊಂದರ ಬೆನ್ನೇರಿ ದೋಣಿ ತಿರುಗಿಸಿದಳು. ಅದು ಒಮ್ಮೆ ಪಕ್ಕಕ್ಕೆ ಮಲಗಿ, ಎದ್ದು, ಸಮುದ್ರದ ಕಡೆ ಮುಖ ಮಾಡಿತು.

"ಸುಳ್ಳಿ" ಎಂದ ಕ್ವೀರಿಕೊ, ಮಲಗಿದಲ್ಲಿಂದಲೇ.

"ಮುಖವಾಡ ಹಾಕ್ಕೋ, ಆಕ್ಸಿಜನ್ ಎಳಿ. ಆಮೇಲೆ ಬೈ."

ಭೂಶಿರ ದಾಟಿ, ನೆರವಿನ ದೋಣಿ ಜೊತೆಗೂಡಿ, ನೀರು ಶಾಂತವಾದ ಮೇಲೆ ಅವಳು ಅವನನ್ನು ಎಬ್ಬಿಸಿ ನಿಲ್ಲಿಸಿದಳು. ಕಣ್ಣು ಮುಚ್ಚು. ಒಂದು ಕಾಲ ಮೇಲೆ ನಿಲ್ಲು. ಮೂಗು ಮುಟ್ಟು. ಹಲಗೆಯ ಗೆರೆ ಹಿಡಿದು ನಡಿ. ಎಲ್ಲ ಸರಿಯಾಗಿತ್ತು. ನೇವಿಯೊ ಬುಟ್ಟಿ ತೆರೆದು ಹವಳ ನೋಡಿ ಸಿಳ್ಳೆ ಹಾಕಿದ. ಬಂದರಿನ ಗೋಪುರಗಳು ಕಂಡವು.

ಕ್ವೀರಿಕೊ ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದುದನ್ನು ಅವಳು ನೋಡಿದಳು. ಎಡಗೈಯಲ್ಲಿ ತಿರುಗಿಸುತ್ತಿದ್ದ.

"ಬಲಗೈಗೇನಾಯ್ತು?"

"ಏನಿಲ್ಲ. ಹವಳ ಕಡಿಯೋ ಕೊಡಲಿ ಹಿಡಿದು ಹಿಡಿದು ನೋವು."

"ಎಲ್ಲಿ?"

"ಭುಜ."

ಅವಳು ಬಂದು ಹೆಬ್ಬೆರಳಿನಿಂದ ಒತ್ತಿದಳು. "ಒತ್ತಿದ್ರೆ ಜಾಸ್ತಿ ಆಗತ್ತಾ?"

"ಇಲ್ಲ."

"ಆಡಿಸಿದ್ರೆ?"

"ಹಾಗೇ ಇದೆ. ಒಳಗಿಂದ ಕೊರೀತಿದೆ. ಥಂಡಿ ಇರ್ಬೇಕು ಅಸ್ಸುಂತಾ, ಮಲಗಿ ಎದ್ರೆ ಹೋಗತ್ತೆ."

ಹವಳದವರು ಎಲ್ಲರೂ ಮೊದಲು ಥಂಡಿ ಎಂದೇ ಹೇಳುವುದು. ಮೈಕೈ ನೋವಾಗಿದ್ದರೆ ಒತ್ತಿದಾಗ ಹೆಚ್ಚಾಗಬೇಕಿತ್ತು. ಅವಳು ರೇಡಿಯೊ ಎತ್ತಿಕೊಂಡು ಆಂಬುಲೆನ್ಸ್ ಕೇಳಿದಳು.

ಮೈಯೊಳಗಿನ ಗುಳ್ಳೆಯನ್ನು ಮತ್ತೆ ಕರಗಿಸುವ ಒತ್ತಡದ ಕೋಣೆ ಇದ್ದ ಆಸ್ಪತ್ರೆಯಲ್ಲಿ ಡಾಕ್ಟರು ಒಬ್ಬ ಹೆಂಗಸು, ಅಸ್ಸುಂತಾಳಿಗಿಂತ ಚಿಕ್ಕವಳು. ಎರಡೂ ಕಂಪ್ಯೂಟರುಗಳನ್ನು ಮೇಜಿನ ಮೇಲಿಟ್ಟುಕೊಂಡು, ಒಂದರಿಂದ ಇನ್ನೊಂದಕ್ಕೆ ನೋಡಿದಳು.

"ಇವೆರಡೂ ಒಬ್ಬರ ಕೈಯಲ್ಲೇ ಇದ್ವಾ?"

"ಮಧ್ಯಾಹ್ನ ಇದ್ವು" ಎಂದಳು ಅಸ್ಸುಂತಾ. ಬೆಳಗಿನದನ್ನು ನೇವಿಯೊ ವಿವರಿಸಿದ. ಡಾಕ್ಟರು ತಲೆಯಾಡಿಸಿ, ಎರಡನ್ನೂ ಪಕ್ಕಕ್ಕೆ ಸರಿಸಿದಳು.

"ನಲವತ್ತೊಂದಕ್ಕೇ ಬಂದಿದ್ರೆ ಏನಾಗ್ತಿತ್ತು ಡಾಕ್ಟ್ರೇ?" ನೇವಿಯೊ ಕೇಳಿದ.

"ನನಗ್ಗೊತ್ತಿಲ್ಲ. ಯಾರಿಗೂ ಗೊತ್ತಿರಲ್ಲ. ಅರವತ್ತು ನಿಂತೂ ಭುಜಕ್ಕೆ ಬಂದಿದೆ ಅಂದ್ರೆ, ನಲವತ್ತೊಂದರಲ್ಲಿ ಬೆನ್ನುಹುರಿಗೆ ಬರ್ತಿರ್ಲಿಲ್ಲ ಅಂತ ಹೇಳೋ ಧೈರ್ಯ ನನಗಿಲ್ಲ." ಪೆನ್ನು ತೆಗೆದು ಕ್ವೀರಿಕೊನ ಕಡೆ ತಿರುಗಿದಳು. "ಇವತ್ತು ಒಟ್ಟು ಎಷ್ಟು ಸಲ ಇಳಿದ್ರಿ?"

"ಒಂದು."

ಅಸ್ಸುಂತಾ ತಮ್ಮನ ಮುಖ ನೋಡಿದಳು, ಅಷ್ಟೆ. ಅವನು ನೆಲ ನೋಡಿದ. ಭುಜ ಹಿಡಿದುಕೊಂಡ.

"ಎರಡು" ಎಂದ. "ಬೆಳಿಗ್ಗೆ ಒಂದ್ಸಲ ಲಂಗರಿಗೆ. ಐದು ನಿಮಿಷ."

"ಹದಿನೈದು" ಎಂದಳು ಅಸ್ಸುಂತಾ.

ಡಾಕ್ಟರು ಅವನತ್ತ ನೋಡಿದಳು. ಅವನು ಹೂಂ ಎಂದ. ಅವಳು ಹದಿನೈದು ಎಂದು ಬರೆದು, ಅದರ ಪ್ರಕಾರ ಚಿಕಿತ್ಸೆಗೆ ಐದು ಗಂಟೆ ಎಂದು ಗುರುತು ಹಾಕಿ, ಕೋಣೆಯ ಉಕ್ಕಿನ ಬಾಗಿಲು ತೆರೆಸಿದಳು. ನೇವಿಯೊ ತೋಳು ಕೊಡಲು ಹೋದ. ಕ್ವೀರಿಕೊ ಅದನ್ನು ಸರಿಸಿ, ತಲೆ ತಗ್ಗಿಸಿ, ತನ್ನ ಕಾಲಿನ ಮೇಲೆ ತಾನೇ ನಡೆದು ಒಳಗೆ ಹೋದ.